ದುರ್ಬೀನು ಇಲ್ಲದಾಕಿ

ಬೈಲಹೊಂಗಲದ ನಮ್ಮ ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದಾಕೆ ಮುನವಳ್ಳಿಯವಳು, ಹೊಳೆಯ ದಂಡೆಯಲ್ಲಿ ಬೆಳೆದವಳು. ಯಾವ ಹಕ್ಕಿ ಕೂಗಿದರೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ತಡೀರಿ, ತನ್ನ ಹೆಸರ ತಾನಽ ಹೇಳತೈತಿ" ಅನ್ನುವಳು. ಮಕ್ಕಳು ನನ್ನ ಪಾಠ ಬಿಟ್ಟು ಆಕೆಯ ಬಾಯಿ ನೋಡುತ್ತಿದ್ದರು.

ಸಾಲಿಯ ಪ್ರವಾಸದಲ್ಲಿ, ಅಡುಗೆಗೆಂದು ಆಕೆಯನ್ನೂ ಕರೆದುಕೊಂಡು, ಸಮುದ್ರದಂಡೆಯ ಹಳೇ ಕೋಟೆಯ ಉದ್ಯಾನಕ್ಕೆ ಹಕ್ಕಿ ನೋಡಲು ಹೋದ ದಿನ, ವಿಜ್ಞಾನದ ಅಕ್ಕೋರಾದ ನಾನು ಹೊಸ ದುರ್ಬೀನು ಕೊರಳಿಗೆ ಹಾಕಿಕೊಂಡಿದ್ದೆ. ನಾನು ತೋರಿಸಿದ ಬೆಳ್ಳಕ್ಕಿ ಪ್ಲಾಸ್ಟಿಕ್ ಚೀಲವಾಗಿತ್ತು. ಆಕೆ "ತಡೀರಿ" ಅಂದು, ಬರಿಗಣ್ಣಿನಲ್ಲೇ ಬುರುಜಿನ ಮೇಲಿನ ಮಿಂಚುಳ್ಳಿ ತೋರಿಸಿದಳು. ಮಕ್ಕಳೆಲ್ಲ ಅತ್ತ ಓಡಿದರು. ನನ್ನ ಹೊಟ್ಟೆ ಉರಿಯಿತು.

"ಬರಿಗಣ್ಣಿಲೆ ಏನ್ ಕಾಣತೈತಿ? ಇದರಾಗ ನೋಡು" ಎಂದು ದುರ್ಬೀನನ್ನು ಆಕೆಯ ಕೈಗೆ ತುರುಕಿದೆ.

ಆಕೆ ಅದನ್ನು ಉಲ್ಟಾ ಹಿಡಿದು ನನ್ನ ಕಡೆ ತಿರುಗಿದಳು.

"ಅಯ್ಯ ಅಕ್ಕೋರ, ಎಷ್ಟ ಸಣ್ಣವ್ರಾಗಿ ಕಾಣಾಕತ್ತೀರಿ!"