ಬರಿ ಅಂಗೈಗೆ ಬಂದ ಮಾದಪ್ಪ

ಮಾದಪ್ಪನನ್ನು ನಂಬಿ ಬಾಳುವ ಅಕ್ಕತಂಗಿಯರೇ, ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ, ಕೊರೋನಾದ ಎರಡನೇ ಅಲೆಯಲ್ಲಿ, ನನ್ನ ಕೊರಳಿನ ಲಿಂಗ ನನ್ನನ್ನು ಬಿಟ್ಟು ಹೋಯಿತು. ಜ್ವರ ಬಂದದ್ದಕ್ಕೆ ನಾನು ಅಳಲಿಲ್ಲ, ಉಸಿರು ಸಿಕ್ಕಿಕೊಂಡಾಗಲೂ ಅಳಲಿಲ್ಲ. ಆವತ್ತು ಮಾತ್ರ ಗೊಳೋ ಎಂದು ಅತ್ತುಬಿಟ್ಟೆ.

ನಾನು ಪಣಕಹಳ್ಳಿಯವಳು, ಹೆಸರು ಗೌರಮ್ಮ. ಬೆಟ್ಟದ ಮೇಲಿನ ಕನ್ನಡದ ಊರೇ, ಆದರೆ ತಮಿಳು ಸೀಮೆಗೆ ಸೇರಿದ್ದು. ರಾಗಿ, ಮುಸುಕಿನ ಜೋಳ, ಒಂದಿಷ್ಟು ಎಲೆಕೋಸು ಬೆಳೆದುಕೊಂಡಿರುವ ಮನೆ. ನನ್ನದು ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಿಕೊಳ್ಳಲಿ. ಚಿಕ್ಕವಳಿದ್ದಾಗ ಗುರುಗಳು ಲಿಂಗ ಕಟ್ಟಿದ ದಿನದಿಂದ ಬೆಳಿಗ್ಗೆ ಸ್ನಾನ ಮಾಡಿ, ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಕಣ್ತುಂಬ ನೋಡದೆ ಒಂದು ಲೋಟ ನೀರು ಕುಡಿದವಳಲ್ಲ. ಹೆರಿಗೆಯಲ್ಲೂ ಬಿಟ್ಟಿರಲಿಲ್ಲ. ನನ್ನ ಮಾದಪ್ಪ ಇದ್ದದ್ದು ಆ ಲಿಂಗದಲ್ಲೇ.

ತಾಳವಾಡಿಯಿಂದ ಆಂಬ್ಯುಲೆನ್ಸ್ ಹೊರಟಿತು. ಘಾಟಿಯ ನೆತ್ತಿಯ ದಿಂಬಂನಲ್ಲಿ ಯಾವಾಗಲೂ ಬಸ್ಸು ನಿಂತು ಜನ ಟೀ ಕುಡಿಯುವ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಕೋತಿಗಳು ಮಾತ್ರ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವು. ಘಾಟಿಯ ಒಂದೊಂದು ತಿರುವಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಯಜಮಾನರು ಹಿಂದಿನಿಂದ ಬೈಕಿನಲ್ಲಿ ಬಂದರು. ಕೆಳಗಿನ ಆಸ್ಪತ್ರೆಯಲ್ಲಿ ಅವರನ್ನು ಗೇಟಿನಲ್ಲೇ ನಿಲ್ಲಿಸಿ ನನ್ನೊಬ್ಬಳನ್ನು ಒಳಗೆ ಕರೆದುಕೊಂಡರು.

ಸ್ಕ್ಯಾನ್ ಮಾಡಬೇಕಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿಕೊಂಡಿದ್ದ ನರ್ಸ್ ಬಂದು, "ನಗೈ ಎಲ್ಲಾಂ ಕಳಟ್ಟುಂಗಮ್ಮಾ" ಎಂದಳು. ಒಡವೆ ಬಿಚ್ಚಿ ಅಂತ. ಓಲೆ ಕೊಟ್ಟೆ, ಮೂಗುತಿ ಕೊಟ್ಟೆ, ತಾಳಿಯನ್ನೂ ಕೊಟ್ಟೆ. ಅವಳು ಬೆಳ್ಳಿ ಕರಡಿಗೆಗೂ ಕೈ ಹಾಕಿದಳು. ಅದು ಒಡವೆ ಅಲ್ಲ ಕಣವ್ವ, ದೇವರು ಎನ್ನಲು ಬಾಯಿ ತೆರೆದೆ. ಉಸಿರೇ ಇಲ್ಲ, ಮಾತೆಲ್ಲಿಂದ ಬರಬೇಕು? ಎಲ್ಲವನ್ನೂ ಒಂದು ಕವರಿಗೆ ಹಾಕಿ ಗೇಟಿನಲ್ಲಿದ್ದ ಯಜಮಾನರಿಗೆ ತಲುಪಿಸಿಬಿಟ್ಟರು. ಹೊರಗೆ ಹೋದ ಸಾಮಾನು ಮತ್ತೆ ಒಳಗೆ ಬರುವ ಹಾಗಿಲ್ಲ ಎಂಬ ನಿಯಮ. ಆ ಹುಡುಗಿಯ ತಪ್ಪೇನೂ ಇಲ್ಲ.

ಮಾರನೆಯ ದಿನ ಯಜಮಾನರು ಮನೆಯಿಂದ ಫೋನ್ ಮಾಡಿದರು. ಹಿಂದೆ ನಮ್ಮತ್ತೆ ಎದೆ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ನಮ್ಮಲ್ಲಿ ಲಿಂಗ ಮೈಬಿಟ್ಟು ಹೋಗುವುದಿಲ್ಲ, ಸತ್ತರೂ ಜೊತೆಯಲ್ಲೇ ಮಣ್ಣಿಗೆ ಹೋಗುತ್ತದೆ. ಲಿಂಗ ಒಂದೇ ಮನೆಗೆ ಬಂದದ್ದು ನೋಡಿ ಮುದುಕಿಯ ಬುದ್ಧಿಯೇ ಕೆಟ್ಟುಹೋಗಿತ್ತು.

"ನಿಜ ಯೋಳ್ಲಾ, ಅವ್ಳು ಓದ್ಳಾ? ಲಿಂಗ ಮಾತ್ರ ಕೊಟ್ ಕಳ್ಸವ್ರಲ್ಲಾ!"

"ಬದುಕವ್ಳೆ ಕಣವ್ವಾ, ಇಗಾ, ನೀನೇ ಮಾತಾಡು" ಎಂದು ಯಜಮಾನರು ಫೋನ್ ಕೊಟ್ಟರು.

"ಬದುಕಿವ್ನಿ ಅತ್ತೆ" ಎಂದೆ. ಎಂದೆನೇ ಹೊರತು ನನಗೇ ಅದರ ಮೇಲೆ ನಂಬಿಕೆ ಇರಲಿಲ್ಲ.

ಆ ಹೆಂಗಸರ ವಾರ್ಡಿನಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿಯೇ ಮಲಗಿದ್ದರು. ಮನೆಯವರ ಮುಖ ಕಾಣದು, ನೋಡಿಕೊಳ್ಳುವವರ ಮುಖವೂ ಮುಸುಕಿನಲ್ಲಿ. ಕೂಸನ್ನು ಮನೆಯಲ್ಲಿ ಬಿಟ್ಟು ಬಂದ ಬಾಣಂತಿಯೊಬ್ಬಳು ಎದೆಹಾಲು ಸೋರಿ ರವಿಕೆ ಒದ್ದೆಯಾದಾಗೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಎದುರಿನ ಮಂಚದ ಅಜ್ಜಿಯನ್ನು ಒಂದು ಬೆಳಿಗ್ಗೆ ಎತ್ತಿಕೊಂಡು ಹೋದರು, ಅವರ ಚಪ್ಪಲಿ ಮಂಚದ ಕೆಳಗೇ ಉಳಿಯಿತು. ಅದರ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಕಾಯಿಲೆಗಿಂತ ಆ ಮೌನವೇ ನಮ್ಮನ್ನು ತಿನ್ನುತ್ತಿತ್ತು.

ನಾನು ಮಾದಪ್ಪನ ಮೇಲೆ ಮುನಿಸಿಕೊಂಡೆ. "ನೀನಾಗಿ ಬುಟ್ಟೋದ್ಯಲ್ಲ, ನೀನಾಗೇ ಬಾ. ನಿನ್ನ ಕಾಣ್ದೆ ನಾನು ತುತ್ತು ಎತ್ತಾಕಿಲ್ಲ. ಬರಾಕಾಗ್ದಿದ್ರೆ ನನ್ನೇ ಕರ್ಕೊಂಡೋಗು" ಎಂದು ಮನಸ್ಸಿನಲ್ಲೇ ಜಗಳ ತೆಗೆದೆ. ಇಡ್ಲಿ ಬಂತು, ಮುಟ್ಟಲಿಲ್ಲ. ಗಂಜಿ ಬಂತು, ಮುಟ್ಟಲಿಲ್ಲ. ಮಾತ್ರೆಗೆ ಒಂದು ಗುಟುಕು ನೀರು, ಅಷ್ಟೇ. ನರ್ಸ್ ಬೈದಳು, ಡಾಕ್ಟರಮ್ಮ ಕೈಮುಗಿದರು. ಮೈಯಲ್ಲಿನ ಆಕ್ಸಿಜನ್ ಇಳಿಯುತ್ತಲೇ ಹೋಯಿತು. ಇಳಿಯಲಿ ಎಂದೇ ಇದ್ದೆ.

ಪಕ್ಕದ ಮಂಚದಲ್ಲಿ ನಮ್ಮ ಬೆಟ್ಟದ್ದೇ ಊರಾದ ತಿಗನಾರೆಯ ಮಾದೇವಿ ಇದ್ದಳು. ಕೂಲಿ ಮಾಡುವವಳು, ನನಗಿಂತ ಚಿಕ್ಕವಳು, ಮೊದಲೇ ಸಕ್ಕರೆ ಕಾಯಿಲೆ ಬೇರೆ. ನಾನು ಬಂದ ದಿನ, "ಅಮ್ಮೋರು ಪಣಕಳ್ಳಿಯೋರಾ?" ಎಂದು ಕೇಳಿದ್ದಳು. ಹೂಂ ಎಂದು ಮಗ್ಗುಲು ಬದಲಾಯಿಸಿದ್ದೆ. ಆಮೇಲೆ ಮಾತಿಲ್ಲ.

ಒಂದು ಮಧ್ಯಾಹ್ನ ಅವಳ ಮಂಚ ಗಡಗಡ ಅಲುಗಿತು. ತಿರುಗಿ ನೋಡಿದರೆ ಮೈಯೆಲ್ಲ ಬೆವರು, ಕೈಕಾಲು ನಡುಕ, ಕಣ್ಣು ಎಲ್ಲೋ. ನಾನು ಕೂಗಿಕೊಂಡೆ. ಡಾಕ್ಟರಮ್ಮ ಓಡಿಬಂದು ನರಕ್ಕೆ ಗ್ಲೂಕೋಸ್ ಕೊಟ್ಟು ಉಳಿಸಿಕೊಂಡರು. ಸಕ್ಕರೆಗೆ ಇಂಜೆಕ್ಷನ್ ತೆಗೆದುಕೊಂಡು ಊಟವನ್ನೇ ಮಾಡಿಲ್ಲ ಇವಳು! ಪೊಟ್ಟಣ ದಿಂಬಿನ ಹಿಂದೆ ಬಿಚ್ಚದೆ ಇತ್ತು. ಡಾಕ್ಟರಮ್ಮನಿಗೆ ಕನ್ನಡ ಬಾರದು, ಆ ನಿತ್ರಾಣದಲ್ಲಿ ಮಾದೇವಿಗೆ ತಮಿಳು ಬಾಯಿಗೆ ಬರಲಿಲ್ಲ. ಯಾಕೆ ತಿನ್ನಲಿಲ್ಲ ಕೇಳಿ ಎಂದು ನನಗೆ ಹೇಳಿದರು.

"ಯಾಕಮ್ಮಿ ಉಣ್ನಿಲ್ಲ?" ಎಂದೆ.

"ನೀವ್ ಉಣ್ನಿಲ್ವಲ್ಲ ಅಮ್ಮೋರೆ."

"ನಾನ್ ಉಣ್ದಿದ್ರೆ ನಿಂಗೇನಮ್ಮಿ?"

"ನೀವು ನಮ್ಗೆಲ್ಲಾ ಅಂತ ಮಾದಪ್ಪಂಗೆ ಉಪಾಸ ಇಡ್ದಿದ್ದೀರಿ. ಇಡ್ದೋರು ಉಣ್ಣಗಂಟ ನಾನೆಂಗ್ ಉಣ್ಲಿ? ಉಂಡ್ರೆ ಉಪಾಸ ಕೆಟ್ಟೋಗಾಕಿಲ್ವಾ?"

ನಮ್ಮ ಕಡೆ ಬೀದಿಗೆ ಕಾಯಿಲೆ ಬಂದಾಗ ಹಿರಿಯರೊಬ್ಬರು ಎಲ್ಲರ ಪರವಾಗಿ ಮಾದಪ್ಪನಿಗೆ ಉಪವಾಸ ಹಿಡಿಯುತ್ತಾರೆ. ಅವರು ಉಣ್ಣುವವರೆಗೆ ಆ ಬೀದಿಯವರೂ ಉಣ್ಣುವುದಿಲ್ಲ. ನನ್ನ ಸಿಟ್ಟನ್ನು ಈ ಪುಣ್ಯಾತ್ಗಿತ್ತಿ ವ್ರತ ಎಂದುಕೊಂಡು, ವಾರ್ಡನ್ನೇ ಒಂದು ಬೀದಿ ಮಾಡಿಕೊಂಡಿದ್ದಾಳೆ! ಮೊದಮೊದಲು ಒಂದೆರಡು ತುತ್ತು ತಿನ್ನುತ್ತಿದ್ದವಳು ಆವತ್ತು ಪೂರ್ತಿ ಬಿಟ್ಟಿದ್ದಳು.

"ಅಯ್ಯೋ ಶಿವನೇ, ವ್ರತನೂ ಇಲ್ಲ ಏನೂ ಇಲ್ಲ ಕಣಮ್ಮಿ! ದೇವ್ರ ಮೇಲೆ ಕ್ವಾಪ ಮಾಡ್ಕೊಂಡು ಬುಟ್ಟಿವ್ನಿ" ಎಂದೆ.

ಆ ಸ್ಥಿತಿಯಲ್ಲೂ ನಕ್ಕಳು. "ಸುಮ್ಕಿರಿ ಅಮ್ಮೋರೆ, ವ್ರತ ಇಡ್ದೋರು ಬಾಯ್ಬುಟ್ಟು ಯೋಳ್ತಾರಾ?"

ಡಾಕ್ಟರಮ್ಮ ಇಬ್ಬರ ಮುಂದೆಯೂ ತಟ್ಟೆ ಇಟ್ಟರು. ಮಾದೇವಿ ತಟ್ಟೆ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇದೇನಪ್ಪಾ ಮಾದಪ್ಪ ನಿನ್ನ ಆಟ, ನಿನ್ನನ್ನು ಬಿಟ್ಟು ಉಣ್ಣಲೋ, ಇವಳನ್ನು ಸಾಯಲು ಬಿಟ್ಟು ನಿನಗಾಗಿ ಕಾಯಲೋ ಎಂದು ಒದ್ದಾಡಿಹೋದೆ. ಕೊನೆಗೆ ಎದ್ದು ಕೂತು ಎಡಗೈ ಚಾಚಿದೆ. ಸೂಜಿ ಚುಚ್ಚಿ ಟೇಪು ಸುತ್ತಿದ ಕೈ, ಅಂಗೈ ಬರಿದು. ಅಷ್ಟು ವರ್ಷ ಲಿಂಗ ಕೂತ ಜಾಗವನ್ನೇ ಕಣ್ಣಿಟ್ಟು ನೋಡಿದೆ.

ಅಕ್ಕತಂಗಿಯರೇ, ನನಗಾದದ್ದನ್ನು ಹೇಳುತ್ತೇನೆ, ನಗುವವರು ನಗಲಿ. ಅಂಗೈ ಬೆಚ್ಚಗಾಯಿತು. ಆಮೇಲೆ ಭಾರವಾಯಿತು, ಲಿಂಗ ಇಟ್ಟಾಗ ಎಷ್ಟು ಭಾರವೋ ಅಷ್ಟೇ. ನನ್ನ ಮಾದಪ್ಪ ಬಂದು ಕೂತಿದ್ದ! ಕರಡಿಗೆ ಬೇಕಿಲ್ಲ, ವಿಭೂತಿ ಬೇಕಿಲ್ಲ, ಗೇಟಿನವರ ಅಪ್ಪಣೆಯೂ ಬೇಕಿಲ್ಲ ನನ್ನಪ್ಪನಿಗೆ. ಸಂತೋಷಕ್ಕೆ ಅಳು ನುಗ್ಗಿ ಬಂತು. ಅಳುತ್ತಲೇ ಮೊದಲ ತುತ್ತು ಬಾಯಿಗಿಟ್ಟೆ. "ಉಘೇ ಮಾದಪ್ಪಾ" ಎಂದು ಸಣ್ಣ ದನಿಯಲ್ಲಿ ಹೇಳಿ ಮಾದೇವಿಯೂ ಉಂಡಳು.

ಇದೆಲ್ಲ ಏನೆಂದು ತಮಿಳು ಹೆಂಗಸರು ಕೇಳಿದರು, ನನ್ನ ಸಂತೆಯ ತಮಿಳಿನಲ್ಲಿ ಹೇಳಿದೆ. ಆವತ್ತಿನಿಂದ ಊಟ ಬಂದರೆ ಯಾರೂ ಗೋಡೆ ಕಡೆ ತಿರುಗುವ ಹಾಗಿಲ್ಲ. ಎಲ್ಲರ ತಟ್ಟೆಯೂ ಬಂದ ಮೇಲೆ ಒಟ್ಟಿಗೇ ಶುರು. ಬೇಡ ಎಂದವರನ್ನು ನಾನು ಬಿಡುತ್ತಿರಲಿಲ್ಲ, ನನ್ನ ಜೋರು ಬಾಯಿ ಅಲ್ಲಿ ಕೆಲಸಕ್ಕೆ ಬಂತು. ಬಾಣಂತಿಯ ಕೂಸನ್ನು ಅವಳ ಗಂಡ ಫೋನಿನಲ್ಲಿ ತೋರಿಸಿದ ದಿನ ವಾರ್ಡಿನ ಹೆಂಗಸರೆಲ್ಲ ಸೇರಿ ಅದನ್ನು ನಗಿಸಲು ಕುಣಿದದ್ದೇ ಕುಣಿದದ್ದು. ನರ್ಸ್ ಬಂದು ಗದರಿ, ತಾನೂ ನಿಂತು ನೋಡಿದಳು. ನನ್ನ ಆಕ್ಸಿಜನ್ ಮೇಲೇರಿತು, ಮಾದೇವಿಯ ಸಕ್ಕರೆ ಹತೋಟಿಗೆ ಬಂತು. ಡಾಕ್ಟರಮ್ಮನ ಮದ್ದೂ ಮಾದಪ್ಪನದೇ ಎಂದು ನಾನು ನಂಬಿದ್ದೇನೆ.

ಇಬ್ಬರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಬಸ್ಸಿರಲಿಲ್ಲ, ಯಜಮಾನರು ವ್ಯಾನು ತಂದಿದ್ದರು. ಮಾದೇವಿಯನ್ನೂ ಹತ್ತಿಸಿಕೊಂಡು ಘಾಟಿ ಏರಿ, ಸೀದಾ ನಮ್ಮ ಮನೆಗೇ ಕರೆದುಕೊಂಡು ಹೋದೆ. ಅತ್ತೆ ನನ್ನ ಕೆನ್ನೆ, ಕೈ ಎಲ್ಲ ಮುಟ್ಟಿ ನೋಡಿ ಅತ್ತರು, ಕರಡಿಗೆಯನ್ನು ಮತ್ತೆ ನನ್ನ ಕೊರಳಿಗೆ ಹಾಕಿದರು. ಆಮೇಲೆ ಒಳಗೆ ಎರಡು ಎಲೆ ಹಾಕಿ ಮುದ್ದೆ, ಸಾರು ಬಡಿಸಿದರು.

ಮಾದೇವಿ ಕೈ ಕಟ್ಟಿ ಕೂತಳು. "ಅಮ್ಮೋರೆ, ನೀವ್ ಮೊದ್ಲು."

"ಇಲ್ಲ ಕಣಮ್ಮಿ, ಉಪಾಸ ಇಡ್ದಿದ್ದೋಳು ನೀನು. ನೀನ್ ಉಣ್ಣಗಂಟ ಈ ಅಟ್ಟೀಲಿ ಯಾರೂ ಉಣ್ಣಾಕಿಲ್ಲ" ಎಂದೆ.

ನಮ್ಮತ್ತೆ ಸೌಟು ಹಿಡಿದು ನಿಂತಿದ್ದರು, ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವಳು ಎಲ್ಲರ ಮುಖ ನೋಡಿ, "ಆಯ್ತು ಬುಡಕ್ಕಾ" ಎಂದು ಮುದ್ದೆ ಮುರಿದಳು. ನನ್ನನ್ನು ಅಕ್ಕಾ ಎಂದದ್ದು ಅದೇ ಮೊದಲು.

ತಂದೇ, ನಿನಗೆ ಕೋಟಿ ಶರಣು. ನೀನು ಬರಲಿಲ್ಲ ಎಂದು ನಾನು ಜಗಳವಾಡುತ್ತಿದ್ದಾಗ, ನೀನು ನನಗಾಗಿ ಊಟ ಬಿಟ್ಟು ಪಕ್ಕದ ಮಂಚದಲ್ಲೇ ಮಲಗಿದ್ದೆ.