ನೊಗ ಇಳಿಸುವ ಹೊತ್ತು

ಮೊನ್ನೆ ಬೆಳಿಗ್ಗೆ ಅಡಿಗೆಮನೆಯಲ್ಲಿ ನನ್ನ ಹೆಂಡತಿಯ ಕೈಯಿಂದ ಕಂಚಿನ ತಟ್ಟೆ ಜಾರಿ ಬಿತ್ತು. ತಟ್ಟೆಯ ಸದ್ದು ಅಡಗಿದ ಮೇಲೂ ನಡುಮನೆಯ ಮೂಲೆಯಲ್ಲಿ ಇನ್ನೊಂದು ಸದ್ದು ಉಳಿದಿತ್ತು. ಯಾರೋ ಬಾಯಿ ಮುಚ್ಚಿಕೊಂಡು ಸಣ್ಣಗೆ ಗುನುಗಿದ ಹಾಗೆ. ಕಿವಿಗೊಟ್ಟು ಕೇಳಿದೆ. ಕಂಬಳಿಯ ಚೀಲದೊಳಗೆ ಗೋಡೆಗೊರಗಿ ನಿಂತಿದ್ದ ಜಬ್ಬಾರನ ಗಿಟಾರು ಗುನುಗುತ್ತಿತ್ತು.

ತಂತಿವಾದ್ಯ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಶ್ರುತಿ ಮಾಡಿ ಬಿಗಿದಿಟ್ಟ ತಂತಿ ಮನೆಯ ಸದ್ದಿಗೆಲ್ಲ ಓಗೊಡುತ್ತದೆ. ನನ್ನ ಪಿಟೀಲು ಯಾರಾದರೂ ಜೋರಾಗಿ ಸೀನಿದರೂ ಉತ್ತರ ಕೊಡುತ್ತದೆ. ಆದರೆ ಜಬ್ಬಾರನ ಗಿಟಾರು ಗುನುಗಬಾರದಿತ್ತು. ನುಡಿಸದ ಹೊತ್ತಿನಲ್ಲಿ ಅದರ ತಂತಿಗಳು ಎಂದೂ ಬಿಗಿಯಾಗಿರುತ್ತಿರಲಿಲ್ಲ. ಸಡಿಲಿಸದೆ ಅವನು ಅದನ್ನು ಚೀಲಕ್ಕೆ ಸೇರಿಸಿದವನೇ ಅಲ್ಲ.

ಜಬ್ಬಾರ್ ನನ್ನ ಗೆಳೆಯ. ಅವನು ತೀರಿಕೊಂಡು, ನಲವತ್ತರ ಫಾತಿಹಾ ಮುಗಿದ ಮೇಲೆ ಅವನ ಹೆಂಡತಿ ಅಮೀನಾ ಗಿಟಾರನ್ನು ನನಗೆ ಕಳಿಸಿಕೊಟ್ಟಿದ್ದರು. ಚೀಲ ಬಿಚ್ಚಿ ನೋಡಲು ಮನಸ್ಸು ಬಂದಿರಲಿಲ್ಲ. ಅಂದು ಬಿಚ್ಚಿದೆ. ತಂತಿಗಳೆಲ್ಲ ಬಿಗಿಯಾಗಿದ್ದವು. ಒಂದೊಂದನ್ನೇ ಮೀಟಿದೆ. ಶ್ರುತಿ ಸರಿಯಾಗಿಯೇ ಇತ್ತು, ಅವನು ಯಾವಾಗಲೂ ಮಾಡುತ್ತಿದ್ದಂತೆ ಒಂಚೂರು ಕೆಳಗೆ. ಅದು ಅವನ ಕೈ ಇಟ್ಟುಹೋದ ಶ್ರುತಿ. ಹಾಗೇ ಬಿಟ್ಟರೆ ವಾದ್ಯ ಒಡೆಯುತ್ತದೆ. ಸಡಿಲಿಸಿದರೆ ಆ ಶ್ರುತಿ ಹೋಯಿತು, ಮತ್ತೆ ಸಿಕ್ಕುವುದಿಲ್ಲ. ಚೀಲದ ಬಾಯಿ ಕಟ್ಟಿ ಮೊದಲಿದ್ದ ಕಡೆಯೇ ನಿಲ್ಲಿಸಿದೆ.

ಹುಣಸೂರಿನಲ್ಲಿ ಗಿಟಾರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಜಬ್ಬಾರನದು ಗಾಡಿ ಮಾಡುವವರ ಮನೆ. ಅವನ ತಂದೆ ಖಾದರ್ ಸಾಬರು ಕಟ್ಟಿದ ಚಕ್ರವೆಂದರೆ ಕೋಟೆ ತಾಲೂಕಿನ ಕಾಡುದಾರಿಯಲ್ಲೂ ಸಡಿಲವಾಗದು ಎಂದು ಸುತ್ತಿನ ರೈತರು ನಂಬಿದ್ದರು. ಒಮ್ಮೆ ಕೊಡಗಿನಲ್ಲಿ ಕಾಫಿ ತೋಟ ಮಾಡಿದ್ದ ಒಬ್ಬ ಬಿಳಿಯ ದೊರೆ ತನ್ನ ಸೀಮೆಗೆ ಹೊರಟವನು ತನ್ನ ಸಾಮಾನನ್ನೆಲ್ಲ ಹುಣಸೂರಿನಲ್ಲಿ ಹರಾಜು ಹಾಕಿಸಿದ. ಸಾಬರು ಹೋದದ್ದು ಒಂದು ಬೀಟೆಯ ಮೇಜಿನ ಆಸೆಗೆ. ಮೇಜು ಬೇರೆಯವರ ಪಾಲಾಯಿತು. ಬರಿಗೈಯಲ್ಲಿ ಬರಲು ಮನಸ್ಸಾಗದೆ, ಯಾರೂ ಕೂಗದ ಈ ವಾದ್ಯವನ್ನು ಎತ್ತಿಕೊಂಡು ಬಂದರು. ಹಿಂಬದಿಯ ಹಲಗೆ ಬೀಟೆಯದು, ಬಿಚ್ಚಿದರೆ ಒಂದು ಒಡವೆ ಪೆಟ್ಟಿಗೆಗಾದರೂ ಆದೀತು ಎಂಬುದು ಅವರ ಅಂದಾಜು. ಬಿಚ್ಚುವ ಮುಂಚೆ ಮಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸಲ ಮೀಟಿದ. ಒಡವೆ ಪೆಟ್ಟಿಗೆಯ ವಿಚಾರ ಅಲ್ಲಿಗೆ ಮುಗಿಯಿತು.

ಆಗ ನಾನು ಪಿರಿಯಾಪಟ್ಟಣದ ಒಂದು ಜವಳಿ ಅಂಗಡಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ನಮ್ಮ ಯಜಮಾನರು ಶುಕ್ರವಾರ ಅರ್ಧ ದಿನ ಅಂಗಡಿ ಮುಚ್ಚುತ್ತಿದ್ದರು. ನಾನು ಪಿಟೀಲು ಬಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಹುಣಸೂರಿಗೆ ಹೋಗುತ್ತಿದ್ದೆ. ಯುದ್ಧದ ಕಾಲದಲ್ಲಿ ಅದು ಇದ್ದಿಲಿನ ಬಸ್ಸು; ಏರು ಬಂದರೆ ನಾವೇ ಇಳಿದು ತಳ್ಳಬೇಕಾಗಿತ್ತು. ನನ್ನ ಪಿಟೀಲು ವಿದ್ಯೆಯೂ ಸುಮಾರಾಗಿ ಹಾಗೆಯೇ. ವರ್ಣದ ತನಕ ಏದುಸಿರು ಬಿಡುತ್ತಾ ಹತ್ತಿ, ಅಲ್ಲೇ ನಿಂತುಬಿಟ್ಟಿತ್ತು. ಮೂರನೆಯವನು ತಬಲದ ಸಿದ್ದಪ್ಪ, ಊರ ಪಕ್ಕದ ಹಳ್ಳಿಯ ಒಕ್ಕಲಿನವನು. ಮೂವರೂ ಗಾಡಿ ಕಾರ್ಖಾನೆಯ ಮರದ ಹೊಟ್ಟಿನ ನಡುವೆ ಚಾಪೆ ಹಾಸಿ ಕೂರುತ್ತಿದ್ದೆವು.

ವಾದ್ಯಗಾರರ ಸಹವಾಸ ಮಾಡಿದವರಿಗೆ ಗೊತ್ತಿರುತ್ತದೆ, ಅವರು ನುಡಿಸುವುದು ಕಡಿಮೆ, ವಾದ್ಯದ ಮಾತಾಡುವುದೇ ಹೆಚ್ಚು. ಸಿದ್ದಪ್ಪ ತಬಲವನ್ನು ಬಿಸಿಲಿಗಿಟ್ಟು, ನೆರಳು ಸರಿದಂತೆಲ್ಲ ಅದನ್ನೂ ಸರಿಸಿ, ಸುತ್ತಿಗೆಯಿಂದ ಕುಟ್ಟಿ ಕಿವಿಯಿಟ್ಟು ಕೇಳುತ್ತಿದ್ದ. ನಾನು ಕಮಾನಿಗೆ ಉಜ್ಜುವ ರಾಳದ ಗುಣಾವಗುಣಗಳನ್ನು ವಿವರಿಸುತ್ತಿದ್ದೆ. ಜಬ್ಬಾರನಿಗೆ ನಾನು ಅಂಗಡಿಯಿಂದ ತಂದ ಮಲ್ ಬಟ್ಟೆಯ ತುಂಡೇ ಆಗಬೇಕು. ಅದರಿಂದ ಗಿಟಾರಿನ ಬೆನ್ನು, ಹೊಟ್ಟೆ, ಕತ್ತು ಒರೆಸಿ, ಹಿತ್ತಾಳೆಯ ತಿರುಪುಗಳಿಗೆ ಕೋಳಿಪುಕ್ಕದಲ್ಲಿ ಎಣ್ಣೆ ಮುಟ್ಟಿಸಿ, ಹುಳ ಬೀಳದಂತೆ ಚೀಲಕ್ಕೆ ಒಣಗಿದ ಬೇವಿನೆಲೆ ಹಾಕುತ್ತಿದ್ದ. ಚೀಲವನ್ನು ಹೊಸ ಕಂಬಳಿ ಕತ್ತರಿಸಿ ಹೊಲಿಸಿದ್ದ. ಆ ವಿಷಯ ಅಮೀನಾ ಬಾಗಿಲ ಪರದೆಯ ಹಿಂದಿನಿಂದ ಆಗಾಗ ನೆನಪಿಸುತ್ತಿದ್ದರು.

"ನೀವೇ ನ್ಯಾಯ ಹೇಳಿ ಅಣ್ಣಾ. ನಾನು ಚಳಿ ಅಂದ್ರೆ ಹಳೇ ಸೀರೆ ಹೊದ್ಕೊ ಅಂತಾರೆ. ಅದಕ್ಕೆ ಕಂಬ್ಳಿ!"

"ನಿಂಗೆ ಚಳಿಯಾದ್ರೆ ಊರಿಗೆಲ್ಲಾ ಕೇಳೋಂಗೆ ಕೂಗ್ತೀಯ," ಎನ್ನುತ್ತಿದ್ದ ಜಬ್ಬಾರ್. "ಅದು ಪಾಪ, ನಾನು ಮುಟ್ಟುದ್ರೇನೇ ಬಾಯಿ ಬುಡೋದು."

"ಹಂಗಾದ್ರೆ ರೊಟ್ಟೀನೂ ಅದ್ರ ಕೈಲೇ ಸುಡಿಸ್ಕೊಳ್ಳಿ."

ಸಿದ್ದಪ್ಪ ತಬಲದ ಮೇಲೆ ಒಂದು ಏಟು ಹಾಕಿ ನ್ಯಾಯ ಮುಗಿಯಿತೆಂದು ಸಾರುತ್ತಿದ್ದ. ಆದರೂ ಚಹಾ ತಪ್ಪದೆ ಬರುತ್ತಿತ್ತು.

ತಂತಿ ಸಡಿಲಿಸುವ ಅಭ್ಯಾಸ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಗಿಟಾರಿನೊಂದಿಗೆ ಬಂದ ತಂತಿಗಳು ಕುರಿಯ ಕರುಳಿನಿಂದ ಮಾಡಿದವು. ಒಂದು ಮಳೆಗಾಲದಲ್ಲಿ ಅವು ಮೆತ್ತಗಾಗಿ ಒಂದೊಂದೇ ಹರಿದವು. ಅಂಥ ತಂತಿ ಮೈಸೂರಿನಲ್ಲೂ ಸಿಕ್ಕಲಿಲ್ಲ. ಸಿಕ್ಕಿದ್ದು ವೀಣೆಯ ತಂತಿ, ಉಕ್ಕು ಮತ್ತು ಹಿತ್ತಾಳೆಯದು. ಅದನ್ನೇ ಹಾಕೋಣವೆಂಬ ಬುದ್ಧಿ ಯಾರದೆಂದು ಕೇಳಬೇಡಿ. ಮರುದಿನ ಬೆಳಗಿನ ತನಕ ಮೂವರೂ ಅದು ನಮ್ಮದೇ ಎಂದು ಹೇಳಿಕೊಂಡೆವು. ಹಾಕಿ, ನನ್ನ ಪಿಟೀಲಿನ ಶ್ರುತಿಗೆ ಬಿಗಿದು ಮೀಟಿದಾಗ ಬಂದ ನಾದ! ಹಿಂದಿನದು ಪಕ್ಕದ ಮನೆಗೂ ಕೇಳುತ್ತಿರಲಿಲ್ಲ. ಇದಕ್ಕೆ ಬೀದಿಯಲ್ಲಿ ಹೋಗುವವರು ನಿಂತರು. ಮರುದಿನ ಭೇರ್ಯದಲ್ಲಿ ಒಂದು ಮದುವೆಗೆ ನುಡಿಸಲು ಒಪ್ಪಿಕೊಂಡಿದ್ದೆವು. ಬೆಳಿಗ್ಗೆ ಮತ್ತೆ ಶ್ರುತಿ ಮಾಡುವ ತೊಂದರೆ ಬೇಡವೆಂದು ತಂತಿಗಳನ್ನು ಬಿಗಿದಂತೆಯೇ ಬಿಟ್ಟು ಮಲಗಿದೆವು.

ಬೆಳಗಾದಾಗ ಗಿಟಾರಿನ ಹೊಟ್ಟೆ ಉಬ್ಬಿತ್ತು. ತಂತಿಗಳನ್ನು ಹಿಡಿದು ನಿಲ್ಲಿಸುವ ಮರದ ಕುದುರೆ, ಮೇಲಿನ ಹಲಗೆಯ ಒಂದು ಸೀಳನ್ನೂ ಕಿತ್ತುಕೊಂಡು ಎದ್ದು ನಿಂತಿತ್ತು. ಜಬ್ಬಾರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದೆಯ ಮುಂದೆ ನಿಂತ.

ಖಾದರ್ ಸಾಬರು ಬೈಯಲಿಲ್ಲ. ಹಲಗೆಯ ಮೇಲೆ ಬೆರಳಾಡಿಸಿ, ಚರ್ಮದ ಅಂಟು ಕಾಯಿಸಲು ಇಟ್ಟರು. ಅಂಟು ಕರಗುವ ತನಕ ನಮ್ಮ ಮೂವರ ಮುಖವನ್ನೂ ನೋಡಿದರು.

"ಲೇ, ಮನೆಗೆ ಬಂದ್ಮೇಲೆ ಎತ್ತಿನ ಹೆಗಲ ಮೇಲೆ ನೊಗ ಅಂಗೇ ಬುಡ್ತಾರೇನ್ರೋ? ಇಳಿಸ್ತಾರೆ ತಾನೆ? ಮರಾನೂ ಅಷ್ಟೇ ಕಣ್ರೋ. ದುಡುದ್ಮೇಲೆ ಇಳಿಸ್ಬೇಕು."

ಭೇರ್ಯದ ಮದುವೆಯಲ್ಲಿ ನಾನೂ ಸಿದ್ದಪ್ಪನೂ ಇಬ್ಬರೇ ನುಡಿಸಿದೆವು. ಅದರ ವರದಿ ಇಲ್ಲಿ ಬೇಡ.

ಅಂದಿನಿಂದ ಜಬ್ಬಾರ್ ಸಣ್ಣ ತಂತಿ ಹಾಕಿದ, ಶ್ರುತಿ ತಗ್ಗಿಸಿದ. ನುಡಿಸಿ ಮುಗಿದ ಮೇಲೆ "ತಡೀರೋ, ನೊಗ ಇಳಿಸ್ತೀನಿ" ಎಂದು ದಪ್ಪ ತಂತಿಯಿಂದ ಶುರುಮಾಡಿ ಒಂದೊಂದನ್ನೇ ಸಡಿಲಿಸುತ್ತಿದ್ದ. ಅದು ಮುಗಿಯುವ ತನಕ ಯಾರೂ ಏಳುವ ಹಾಗಿರಲಿಲ್ಲ. ನನ್ನ ಬಸ್ಸು ಎಷ್ಟೋ ಸಲ ತಪ್ಪಿದೆ. ಪಿಟೀಲಿಗೆ ಇಂಥ ಪದ್ಧತಿಯಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದರೆ, "ಅದಕ್ಕೇ ಕಣೋ ನಿಂದು ಯಾವಾಗ್ಲೂ ಅಳೋದು" ಎನ್ನುತ್ತಿದ್ದ.

ಶ್ರುತಿಯ ವಿಷಯದಲ್ಲಿ ಮಾತ್ರ ನಮ್ಮ ಜಗಳ ಮುಗಿಯಲೇ ಇಲ್ಲ. ನನ್ನದು ಗುರುಗಳು ಹೇಳಿಕೊಟ್ಟ ಶ್ರುತಿ. ಅವನದು ಅದಕ್ಕಿಂತ ಒಂಚೂರು ಕೆಳಗೆ. ಪ್ರತಿ ಶುಕ್ರವಾರವೂ ಅದೇ ಮಾತು.

"ಇನ್ನೊಂದು ಎಳೆ ಏರಿಸೋ."

"ಹಲಗೆ ತಡಿಯಾಕಿಲ್ಲ. ನೀನೇ ಇಳಿದು ಬಾರೋ ಪಿಟೀಲು."

ನನ್ನ ಹೆಸರು ಅವನ ಬಾಯಲ್ಲಿ ಪಿಟೀಲು ಎಂದೇ ಇತ್ತು. ನಾನು ಇಳಿಯುತ್ತಿರಲಿಲ್ಲ. ಕೊನೆಗೆ ಅವನೇ ಹಲ್ಲು ಕಚ್ಚಿಕೊಂಡು ಆ ಒಂದು ಎಳೆ ಏರಿಸುತ್ತಿದ್ದ. ಏರಿಸುವಾಗ ಎಡಗೈಯನ್ನು ಹಲಗೆಯ ಮೇಲೆ, ಹಸುವಿನ ಬೆನ್ನ ಮೇಲಿಟ್ಟಂತೆ, ಇಟ್ಟಿರುತ್ತಿದ್ದ.

ಕೆ.ಆರ್. ನಗರದ ಒಂದು ಮದುವೆಯಲ್ಲಿ ನಾವು ಮೊದಲ ಸಲ ಮೈಕಿನ ಮುಂದೆ ಕೂತೆವು. ಹಳಬರು ಆ ಊರನ್ನು ಇನ್ನೂ ಎಡತೊರೆ ಎಂದೇ ಕರೆಯುತ್ತಿದ್ದ ಕಾಲ. ಮೈಸೂರಿನಿಂದ ಒಬ್ಬಾತ ಕಾರಿನ ಬ್ಯಾಟರಿ, ಒಂದು ಕಬ್ಬಿಣದ ಪೆಟ್ಟಿಗೆ, ದೊಡ್ಡದೊಂದು ತುತ್ತೂರಿ ತಂದು, ತುತ್ತೂರಿಯನ್ನು ಬೇವಿನ ಮರಕ್ಕೆ ಕಟ್ಟಿಸಿದ್ದ. ಜಬ್ಬಾರ್ ಗಿಟಾರನ್ನು ಮೈಕಿನ ಹತ್ತಿರ ತಂದನೋ ಇಲ್ಲವೋ, ಮರದಿಂದ ಕುಂಯ್ಯೆಂದು ಒಂದು ಕೂಗು ಎದ್ದಿತು. ಊಟಕ್ಕೆ ಕೂತವರು ಎಲೆ ಬಿಟ್ಟು ಎದ್ದರು.

"ದೆವ್ವ ಕಣ್ಲಾ!" ಎಂದು ಸಿದ್ದಪ್ಪ ತಬಲವನ್ನು ಅಪ್ಪಿಕೊಂಡ.

ಮೈಕಿನವನು ಏನನ್ನೋ ತಿರುಗಿಸಿ ಸರಿಮಾಡಿದ. ನುಡಿಸಿದ್ದಾದ ಮೇಲೆ ಜಬ್ಬಾರ್ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಗಲ ಬಟ್ಟೆಯಿಂದ ಅದರ ಧೂಳು ಒರೆಸುತ್ತಿದ್ದ. "ಮುಟ್ಬೇಡಿ ಸಾಬ್ರೇ, ಸುಡುತ್ತೆ" ಎಂದು ಮೈಕಿನವನು ಗೊಣಗುತ್ತಿದ್ದ.

"ನೋಡೋ ಪಿಟೀಲು, ಇದ್ರ ಹೊಟ್ಟೇಲಿ ದೀಪ ಐತೆ," ಎಂದ ಜಬ್ಬಾರ್. ಪೆಟ್ಟಿಗೆಯ ಸಂದಿಯಲ್ಲಿ ಗಾಜಿನ ಬುರುಡೆಗಳು ಕೆಂಡದಂತೆ ಹೊಳೆಯುತ್ತಿದ್ದವು. ಆಮೇಲೆ ಮೈಕಿನವನನ್ನು ಕೇಳಿದ: "ಕೆಲ್ಸ ಆದ್ಮೇಲೆ ಇದಕ್ಕೆ ಏನ್ ಇಳಿಸ್ತೀರಿ?"

ಆತನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಆರಿಸ್ತೀವಿ" ಎಂದ. ಜಬ್ಬಾರನಿಗೆ ಸಮಾಧಾನವಾಯಿತು. ಬರುವಾಗ ದಾರಿಯಲ್ಲಿ ಹೇಳಿದ, "ಮರದ್ ಮ್ಯಾಲಿಂದ ಕೇಳಿದ್ರೆ ನಂದೇ ಗಿಟಾರು ಬೇರೆ ಯಾರ್ ಮನೇಗೋ ಹೋಗಿ ಮಾತಾಡ್ದಂಗಿತ್ತು ಕಣೋ."

ಈಗ ಅದು ನನ್ನ ಮನೆಗೇ ಬಂದಿದೆ.

ಮರ ನೋಡಲೆಂದು ಕೋಟೆಯ ಕಾಡಿಗೆ ಹೋದ ಜಬ್ಬಾರ್ ಜ್ವರ ಹೊತ್ತು ಬಂದ. ಆ ಕಡೆಯ ಜ್ವರ ಬಿಟ್ಟು ಬಿಟ್ಟು ಬರುವಂಥದ್ದು. ಬಿಟ್ಟಾಗ ವಾಸಿಯಾಯಿತೆಂದೇ ಅನಿಸುತ್ತದೆ. ಗುರುವಾರ ಸಂಜೆ ಜ್ವರ ಬಿಟ್ಟಿತ್ತಂತೆ. ಮುಂದಿನದನ್ನು ನನಗೆ ಹೇಳಿದ್ದು ಅಮೀನಾ. ತಟ್ಟೆ ಬಿದ್ದ ಮರುದಿನ ನಾನು ಹುಣಸೂರಿಗೆ ಹೋಗಿ ಕೇಳಿದಾಗ, ಅದೇ ಪರದೆಯ ಹಿಂದಿನಿಂದ ಹೇಳಿದರು.

"ಎದ್ದು ಕೂತು ಗಂಜಿ ಕುಡುದ್ರು ಅಣ್ಣಾ. ಗಿಟಾರು ಕೊಡು ಅಂದ್ರು. ನಾಳೆ ಪಿಟೀಲು ಬತ್ತಾನೆ, ಬಂದ ಕೂಡ್ಲೇ ಜಗಳ ತೆಗೀತಾನೆ, ಈಗ್ಲೇ ನನ್ ಶ್ರುತಿಗೆ ಸರಿ ಮಾಡಿಡ್ತೀನಿ ಅಂತ ತಿರುವಿ ತಿರುವಿ ಕೂತಿದ್ರು. ಮಾಡಿ ಮುಗಿಸೋ ಹೊತ್ಗೆ ಮತ್ತೆ ಚಳಿ ಬಂತು. ಕಂಬ್ಳಿ ತತ್ತೀನಿ ಅಂದೆ. ಮೊದ್ಲು ಅದಕ್ಕೆ ಹೊದಿಸು ಅಂದ್ರು."

ಅಮೀನಾ ಪರದೆಯ ಅಂಚನ್ನು ಒಳಕ್ಕೆ ಎಳೆದುಕೊಂಡರು.

"ಹೊದಿಸ್ದೆ. ಇಳಿಸ್ಬೇಕು ಅಂತ ನಂಗೆ ತಿಳೀಲಿಲ್ಲ."

"ಅದನ್ನ ಅವನು ಯಾರಿಗೂ ಬಿಡ್ತಿರ್ಲಿಲ್ಲಮ್ಮಾ," ಎಂದೆ.

ಆ ಶುಕ್ರವಾರ ನಾನು ಹುಣಸೂರಿಗೆ ಹೋಗಿದ್ದೆ, ಅವನ ಮಣ್ಣಿಗೆ. ಪಿಟೀಲು ಒಯ್ದಿರಲಿಲ್ಲ.

ಸಿದ್ದಪ್ಪ ನನ್ನನ್ನು ಬಸ್ಸಿನ ತನಕ ಬಿಡಲು ಬಂದ. ವಿಷಯ ಹೇಳಿದೆ: ಜಬ್ಬಾರ್ ಮಾಡಿಟ್ಟ ಶ್ರುತಿ, ತಿರುಪು ಮುಟ್ಟಲು ಕೈ ಬರುತ್ತಿಲ್ಲ. ಸಿದ್ದಪ್ಪ ಎಲೆಯಡಿಕೆ ಉಗಿದು ಬಂದು ನಿಂತ.

"ಹಲಗೆ ನೋಡ್ದೇನ್ಲಾ?"

ನೋಡಿದ್ದೆ. ಕುದುರೆಯ ಹಿಂದೆ ಬೆರಳಿಗೆ ಸಿಗುವಷ್ಟು ಉಬ್ಬು ಎದ್ದಿತ್ತು.

"ಮತ್ತೆ? ಜಬ್ಬಾರ ಇದ್ದಿದ್ರೆ ನಿನ್ ಕೆನ್ನೆಗ್ ಒಂದು ಬುಡ್ತಿದ್ದ. ಹೋಗು, ಮನೇಗ್ ಹೋಗಿ ಇಳಿಸು." ಹಾಗೆಂದವನು ಮುಖ ಆ ಕಡೆ ತಿರುಗಿಸಿಕೊಂಡು, ಬಸ್ಸು ಬರುವ ತನಕ ಈ ಕಡೆ ನೋಡಲಿಲ್ಲ.

ನಿನ್ನೆ ಸಂಜೆ ಚಾಪೆ ಹಾಸಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಬೇವಿನೆಲೆ ಪುಡಿಯಾಗಿ ಉದುರಿತು. ಒರೆಸಿದೆ. ಪಿಟೀಲನ್ನೂ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಗಿಟಾರಿನ ಒಂದು ತಂತಿ ಮೀಟಿ, ಆ ನಾದ ಆರುವ ಮುಂಚೆ ಪಿಟೀಲಿನ ಬಿರಡೆಯನ್ನು ಒಂಚೂರು ಹಿಂದಕ್ಕೆ ತಿರುಗಿಸಿದೆ. ಇನ್ನೊಮ್ಮೆ ಮೀಟಿದೆ, ಇನ್ನೊಂಚೂರು. ಗುರುಗಳ ಶ್ರುತಿಯಿಂದ ನಾನು ಇಳಿದದ್ದು ಅದೇ ಮೊದಲು. ಎರಡೂ ಕೂಡಿಕೊಂಡಾಗ ಕಮಾನನ್ನು ಒಂದೇ ಒಂದು ಸಲ ಉದ್ದಕ್ಕೆ ಎಳೆದೆ. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಕೆಲಸ ನಿಲ್ಲಿಸಿದ್ದು ತಿಳಿಯಿತು.

ಆಮೇಲೆ ಎಡಗೈಯನ್ನು ಹಲಗೆಯ ಮೇಲಿಟ್ಟು, ದಪ್ಪ ತಂತಿಯಿಂದ ಶುರುಮಾಡಿ ಒಂದೊಂದೇ ಸಡಿಲಿಸಿದೆ. ಕೈಯ ಕೆಳಗೆ ಹಲಗೆ ಸಣ್ಣಗೆ ಲಟಕ್ಕೆಂದಿತು, ದುಡಿದು ಬಂದವರು ಜಗುಲಿಯಲ್ಲಿ ಕೂತಾಗ ಮೂಳೆ ಲಟಕ್ಕೆನ್ನುವಂತೆ.

ಇವತ್ತು ಬೆಳಿಗ್ಗೆ ಅಡಿಗೆಮನೆಯಲ್ಲಿ ಮತ್ತೆ ಪಾತ್ರೆಯ ಸದ್ದಾಯಿತು. ಕಂಬಳಿಯ ಚೀಲ ಸುಮ್ಮನೆ ಮಲಗಿತ್ತು. ಗೂಟಕ್ಕೆ ತೂಗುಹಾಕಿದ್ದ ನನ್ನ ಪಿಟೀಲು ಓಗೊಟ್ಟಿತು, ಒಂಚೂರು ಕೆಳಗಿನ ದನಿಯಲ್ಲಿ.