ಸಂಜೆಯ ಲೋಬಾನ

ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ತೆಂಗಿನ ಗೆರಟೆಯ ಕೆಂಡ, ಅದರ ಮೇಲೆ ಒಂದು ಚಿಟಿಕೆ ಲೋಬಾನ. ಮಣಿಪಾಲದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಕಾಪುವಿನ ಬ್ಯಾರಿ ಮುಸ್ಲಿಮರ ಹುಡುಗಿ ಮಳೆಗಾಲದ ಪ್ರತಿ ಸಂಜೆ ಕಿಟಕಿ ಮುಚ್ಚಿ ಹೀಗೆ ಹೊಗೆ ಹಾಕುತ್ತಿದ್ದಳು. ಆ ಹೊಗೆಗೆ ನನಗೆ ಉಬ್ಬಸ ಬರುತ್ತಿತ್ತು. ಅವಳ ಮನೆಯ ಪದ್ಧತಿ ಎಂದು ಸುಮ್ಮನಿದ್ದೆ. ಪರೀಕ್ಷೆ ಹತ್ತಿರವಾಗಿ, ಕೆಮ್ಮಿನಿಂದ ಓದಲೂ ಆಗದಿದ್ದಾಗ ಕೊನೆಗೆ ಹೇಳಿದೆ.

"ಎಂತ ಮಾರಾಯ್ತಿ, ನಿನ್ನ ಕೆಮ್ಮಿಗೆ ಒಳ್ಳೆಯದು ಅಂತ ಅಲ್ವಾ ನಾನು ಹಾಕುವುದು. ನೀನು ಕೆಮ್ಮಿದಷ್ಟೂ ಒಂದು ಚಿಟಿಕೆ ಜಾಸ್ತಿಯೇ ಹಾಕಿದೆ" ಎಂದಳು.

ಇಬ್ಬರೂ ನಕ್ಕೆವು. ನಗುವಾಗಲೂ ನನಗೆ ಕೆಮ್ಮು ಬಂತು. ಅವಳೇ ಎದ್ದು ಕಿಟಕಿ ತೆರೆದಳು.

ಮರುದಿನ ಬೆಳಿಗ್ಗೆ ನಾನು ಆ ಮುಚ್ಚಳವನ್ನು ತಿಕ್ಕಿ ತೊಳೆದು, ಸಂಜೆ ಅವಳ ಕೈಗೆ ಸಿಗುವಂತೆ ಹೊರಗಿನ ವರಾಂಡದ ಮೂಲೆಯಲ್ಲಿ ಇಟ್ಟೆ.